ಅಪ್ಪ ಅಮ್ಮನ ಜೊತೆ ಬ್ರಾಜೋಸ್ ಬೆಂಡ್‌ಗೆ ಅಲಿಗೇಟರ್ ನೋಡೋಕೆ: ಚಳಿಗಾಲದಲ್ಲಿ ಹೋಗಬಹುದಾ?

ಮಲ್ನಾಡ್_ಮಗಳು:
ಎಲ್ಲರಿಗೂ ನಮಸ್ಕಾರ. ನಾವಿರುವುದು ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ. ತೀರ್ಥಹಳ್ಳಿಯಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಾರ್ಚ್ ಕೊನೆಯವರೆಗೆ ಇರುತ್ತಾರೆ. ಅಪ್ಪನಿಗೆ ಮಾಲ್, ಮ್ಯೂಸಿಯಂ ಎಲ್ಲ ಸಾಕಾಗಿ ಹೋಗಿದೆ. ಯಾರೋ ವಾಟ್ಸಾಪಿನಲ್ಲಿ ಬ್ರಾಜೋಸ್ ಬೆಂಡ್ ಸ್ಟೇಟ್ ಪಾರ್ಕಿನ ವಿಡಿಯೋ ಕಳಿಸಿದ್ದಾರೆ. ಆವತ್ತಿನಿಂದ "ಬೇಲಿ ಇಲ್ಲದ ಕಡೆ ಅಲಿಗೇಟರ್ ನೋಡಬೇಕು" ಅಂತ ಒಂದೇ ಹಟ.
ಅಮ್ಮನದು ಇನ್ನೊಂದು ಹಟ. "ದುಡ್ಡು ಕೊಟ್ಟು ಮೊಸಳೆ ಬಾಯಿಗೆ ಹೋಗೋದಾ?"
ಮಕ್ಕಳಿಗೆ ಐದು ಮತ್ತು ಒಂಬತ್ತು ವರ್ಷ. ಅಪ್ಪನಿಗೆ ಮಂಡಿ ನೋವು, ಎರಡು ಮೈಲಿಗಿಂತ ಜಾಸ್ತಿ ನಡೆಯುವುದು ಕಷ್ಟ. ಜನವರಿಯಲ್ಲಿ ಹೋದರೆ ಕಾಣಿಸುತ್ತವಾ? ದಾರಿಗೆ ಅಡ್ಡ ಮಲಗಿದ್ದರೆ ಏನು ಮಾಡುವುದು? ನಮ್ಮ ಮನೆಯವರು "ನೋಡೋದಾದರೆ ಫ್ಲೋರಿಡಾಗೇ ಹೋಗೋಣ" ಅನ್ನುತ್ತಿದ್ದಾರೆ. ಹೋಗಿ ಬಂದವರು ಹೇಳಿ.

ಸೋಮಾರಿ_ಶುಗರ್‌ಲ್ಯಾಂಡ್:
ಫ್ಲೋರಿಡಾ ಯಾಕೆ ಮೇಡಂ, ಮನೆಯಿಂದ ಒಂದು ಗಂಟೆ ಡ್ರೈವ್‌ನಲ್ಲಿ ಇಟ್ಟುಕೊಂಡು? ಹದಿಮೂರು ವರ್ಷ ದಾಟಿದವರಿಗೆ ತಲೆಗೆ 7 ಡಾಲರ್, ಮಕ್ಕಳಿಗೆ ಫ್ರೀ. ನಾಲ್ಕು ಜನಕ್ಕೆ 28 ಡಾಲರ್‌ನಲ್ಲಿ ಮುಗಿಯಿತು. ಮಿಯಾಮಿ ಟಿಕೆಟ್ ದುಡ್ಡಿನಲ್ಲಿ ಅಪ್ಪ ಅಮ್ಮನಿಗೆ ಇನ್ನೊಂದು ಊರು ತೋರಿಸಿ.

ಗುಂಡ_ಡಲ್ಲಾಸ್:
ಜನವರಿಯಲ್ಲಿ ಹೋಗಬೇಡಿ. ಚಳಿಗೆ ಎಲ್ಲ ನಿದ್ದೆ ಹೊಡೆಯುತ್ತಿರುತ್ತವೆ. ನೀರು ನೋಡಿಕೊಂಡು ವಾಪಸ್ ಬರಬೇಕು.

ಹಕ್ಕಿ_ಹುಚ್ಚ:
ಪೂರ್ತಿ ಸರಿಯಲ್ಲ ಗುಂಡ ಅವರೇ. ಕರಡಿ ಥರ ತಿಂಗಳುಗಟ್ಟಲೆ ನಿದ್ದೆ ಮಾಡುವ ಪ್ರಾಣಿ ಅಲ್ಲ ಅದು. ಮೈ ಬಿಸಿಗೆ ಬಿಸಿಲನ್ನೇ ನಂಬಿಕೊಂಡಿರುತ್ತದೆ. ಸುಮಾರು 70 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಬಂದರೆ ಊಟ ಬಿಡುತ್ತದೆ. 55ಕ್ಕಿಂತ ಇಳಿದರೆ ಬಿಲದಲ್ಲೋ ನೀರಿನ ತಳದಲ್ಲೋ ಸುಮ್ಮನೆ ಬಿದ್ದಿರುತ್ತದೆ. ಆದರೆ ಎರಡು ಮೂರು ದಿನ ಚಳಿ ಇದ್ದು ಆಮೇಲೆ ಒಂದು ದಿನ ಒಳ್ಳೆಯ ಬಿಸಿಲು ಬಂತು ಅನ್ನಿ, ಎಲ್ಲ ದಂಡೆಗೆ ಬಂದು ಮಲಗುತ್ತವೆ. ಬೇಸಿಗೆಯಲ್ಲಿ ಕಾಣುವುದು ನೀರಿನ ಮೇಲೆ ಎರಡು ಕಣ್ಣು, ಒಂದು ಮೂತಿ ಅಷ್ಟೇ. ಇಡೀ ಮೈ ನೋಡಬೇಕಾದರೆ ಇಂಥ ಚಳಿಗಾಲದ ಬಿಸಿಲೇ ಬೇಕು.
ಅದಕ್ಕೇ ಹೇಳುವುದು, ತಿಂಗಳು ನೋಡಬೇಡಿ, ಆ ವಾರದ ಹವಾಮಾನ ನೋಡಿ. ಮಧ್ಯಾಹ್ನ 70 ಡಿಗ್ರಿ ದಾಟುವ, ಗಾಳಿ ಕಮ್ಮಿ ಇರುವ ದಿನ ಹಿಡಿಯಿರಿ.

ಗುಂಡ_ಡಲ್ಲಾಸ್:
ಸರಿ ಸ್ವಾಮಿ. ಆದರೂ ಏಪ್ರಿಲ್ ಬೆಸ್ಟ್ ಅಂತ ನನ್ನ ವಾದ.

ಹಕ್ಕಿ_ಹುಚ್ಚ:
ಏಪ್ರಿಲ್ ಬೆಸ್ಟ್ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಅವರ ಅಪ್ಪ ಅಮ್ಮ ಮಾರ್ಚ್‌ನಲ್ಲೇ ಊರಿಗೆ ಹೊರಡುತ್ತಾರಲ್ಲ, ಏನು ಮಾಡೋಣ?

ಟ್ಯಾಂಪಾ_ತಮ್ಮಯ್ಯ:
ಫ್ಲೋರಿಡಾ ಪರವಾಗಿ ಒಂದು ಮಾತು. ಎವರ್‌ಗ್ಲೇಡ್ಸ್ ನ್ಯಾಷನಲ್ ಪಾರ್ಕಿನ ಶಾರ್ಕ್ ವ್ಯಾಲಿಯಲ್ಲಿ 15 ಮೈಲಿ ಸುತ್ತಿನ ಡಾಂಬರು ದಾರಿ ಇದೆ, ಮಾಮೂಲಿ ಕಾರು ಬಿಡುವುದಿಲ್ಲ. ಸೈಕಲ್ ಬಾಡಿಗೆಗೆ ಸಿಗುತ್ತದೆ. ಮಂಡಿ ನೋವಿನವರಿಗೆ ಟ್ರಾಮ್ ಇದೆ, ಸುಮಾರು ಎರಡು ಗಂಟೆ ಕೂತು ನೋಡಿ ಬರಬಹುದು. ದಾರಿ ಪಕ್ಕದ ಕಾಲುವೆ ಉದ್ದಕ್ಕೂ ಅಲಿಗೇಟರ್. ಅಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಕಮ್ಮಿ. ಉಳಿದ ಕಡೆ ನೀರು ಇಳಿದಾಗ ಅಲಿಗೇಟರ್ ತಾನೇ ಕೆಸರು ತೋಡಿ ಮಾಡಿಕೊಂಡ ಹೊಂಡಗಳಲ್ಲಿ ನೀರು ನಿಲ್ಲುತ್ತದೆ. ಮೀನು ಅಲ್ಲಿಗೆ, ಮೀನಿನ ಹಿಂದೆ ಹಕ್ಕಿ ಅಲ್ಲಿಗೆ. ನಾವೂ ಅಲ್ಲಿಗೆ!
ಅಲಿಗೇಟರ್ ಮತ್ತು ಮೊಸಳೆ ಎರಡೂ ಕಾಡಿನಲ್ಲಿ ಒಟ್ಟಿಗೆ ಬದುಕುವ ಜಾಗ ಜಗತ್ತಿನಲ್ಲಿ ದಕ್ಷಿಣ ಫ್ಲೋರಿಡಾ ಒಂದೇ. ಅದನ್ನು ಟೆಕ್ಸಾಸ್ ಕೊಡಲಿ ನೋಡೋಣ.

ಸೋಮಾರಿ_ಶುಗರ್‌ಲ್ಯಾಂಡ್:
ನಿಮ್ಮ ಎವರ್‌ಗ್ಲೇಡ್ಸ್‌ನಲ್ಲಿ ರಣಹದ್ದುಗಳು ಕಾರಿನ ವೈಪರ್ ರಬ್ಬರ್ ಕಿತ್ತು ತಿನ್ನುತ್ತವಂತಲ್ಲ? ಅದನ್ನೂ ಹೇಳಿ.

ಟ್ಯಾಂಪಾ_ತಮ್ಮಯ್ಯ:
ತಿನ್ನುತ್ತವೆ. ಆನ್‌ಹಿಂಗಾ ಟ್ರೇಲ್ ಪಾರ್ಕಿಂಗ್‌ನಲ್ಲಿ ಅದಕ್ಕೇ ಟಾರ್ಪಾಲು ಇಟ್ಟಿರುತ್ತಾರೆ, ಕಾರಿಗೆ ಹೊದಿಸಿ ಹೋಗುವುದು. ಅದೂ ಒಂದು ಮಜಾ ಅಲ್ವಾ?

ಪಿಯರ್‌ಲ್ಯಾಂಡ್_ಪುಟ್ಟಕ್ಕ:
ಮಲ್ನಾಡ್ ಮಗಳೇ, ದಾರಿಗಳ ವಿಷಯ ನಾನು ಹೇಳುತ್ತೇನೆ. ನನ್ನ ಅತ್ತೆ ಮಾವ ಬಂದಾಗೆಲ್ಲ ಇಲ್ಲಿಗೇ ಕರೆದುಕೊಂಡು ಹೋಗುವುದು.
ಮೊದಲು ಕ್ರೀಕ್‌ಫೀಲ್ಡ್ ಲೇಕ್. ಅರ್ಧ ಮೈಲಿ ಸುತ್ತು, ಗಾಲಿಕುರ್ಚಿಯೂ ಹೋಗುವ ಹಾಗೆ ಮಾಡಿದ್ದಾರೆ. ಪಕ್ಕದಲ್ಲೇ ನೇಚರ್ ಸೆಂಟರ್. ಒಳಗೆ ಹಾವು, ಮರಿ ಅಲಿಗೇಟರ್ ಎಲ್ಲ ಇಟ್ಟಿರುತ್ತಾರೆ, ಮಕ್ಕಳಿಗೆ ಇಷ್ಟವಾಗುತ್ತದೆ.
ಮಂಡಿ ಒಪ್ಪಿದರೆ ಫಾರ್ಟಿ ಏಕರ್ ಲೇಕ್. 1.2 ಮೈಲಿ ಸುತ್ತು, ಏರು ತಗ್ಗು ಇಲ್ಲ. ಕೆರೆಯ ಆ ತುದಿಯಲ್ಲಿ ವೀಕ್ಷಣಾ ಗೋಪುರ ಇದೆ. ಮೇಲೆ ಹತ್ತಿದರೆ ಪಿಲಾಂಟ್ ಲೇಕ್ ಕಡೆಯ ಜೌಗು ಪೂರ್ತಿ ಕಾಣುತ್ತದೆ. ಅಪ್ಪನಿಗೆ ಮೆಟ್ಟಿಲು ಬೇಡ ಅಂದರೆ ಕೆಳಗೇ ನಿಲ್ಲಿಸಿ, ಅಲ್ಲೂ ಕಾಣುತ್ತವೆ.
ಎಲ್ಮ್ ಲೇಕ್ ಸುತ್ತು 1.7 ಮೈಲಿ. ಅಲ್ಲಲ್ಲಿ ಬೆಂಚು ಇವೆ. ಆದರೆ ಒಂದೇ ದಿನ ಎರಡೂ ಕೆರೆ ಸುತ್ತಿಸಬೇಡಿ, ರಾತ್ರಿಯೆಲ್ಲ ಎಣ್ಣೆ ತಿಕ್ಕುತ್ತಾ ಕೂರಬೇಕಾಗುತ್ತದೆ.

ಸುಮ್ನೆ_ಬಂದೆ:
ಊಟಕ್ಕೆ ಏನು ಕಟ್ಟಿಕೊಂಡು ಹೋಗುತ್ತೀರಿ? ಅದು ಮುಖ್ಯ.

ಮಲ್ನಾಡ್_ಮಗಳು:
ಪುಟ್ಟಕ್ಕ, ತುಂಬಾ ಥ್ಯಾಂಕ್ಸ್. ಇದೇ ಬೇಕಿತ್ತು. ಈಗ ಅಮ್ಮನ ಪ್ರಶ್ನೆಗೆ ಉತ್ತರ ಕೊಡಿ: ದಾರಿ ಮೇಲೆ ಮಲಗಿದ್ದರೆ?

ರೇಸ್_ರಾಜ:
ಪಕ್ಕದಲ್ಲಿ ನಡೆದುಕೊಂಡು ಹೋಗೋದು ಅಷ್ಟೇ. ನಾನು ಆರಡಿ ದೂರದಲ್ಲಿ ಹಾದು ಹೋಗಿದ್ದೇನೆ, ಕಣ್ಣು ಕೂಡ ಮಿಟುಕಿಸಲಿಲ್ಲ. ಸೆಲ್ಫಿ ಇದೆ ಬೇಕಾದರೆ. ಸುಮ್ನೆ ಹೆದರಿಸಬೇಡಿ ಜನರನ್ನ.

ಹಕ್ಕಿ_ಹುಚ್ಚ:
ರಾಜ ಅವರೇ, ಐದು ವರ್ಷದ ಮಗು ಕರೆದುಕೊಂಡು ಹೋಗುವವರಿಗೆ ಹೇಳುವ ಮಾತಾ ಇದು? ಪಾರ್ಕಿನ ನಿಯಮ 30 ಅಡಿ ದೂರ. ಎರಡು ಕಾರು ಹಿಂದೆ ಮುಂದೆ ನಿಲ್ಲಿಸಿದಷ್ಟು. ಅದು ಅಲ್ಲಾಡದೆ ಇರುವುದು ಸೋಮಾರಿತನದಿಂದಲ್ಲ. ಬಿಸಿಲು ಕಾಯುವಾಗ ಹಾಗೇ ಇರುತ್ತದೆ. ಬೇಕಾದಾಗ ಒಂದೇ ನೆಗೆತ.

ರೇಸ್_ರಾಜ:
ಎವರ್‌ಗ್ಲೇಡ್ಸ್‌ನಲ್ಲಿ 15 ಅಡಿ ಅನ್ನುತ್ತಾರೆ. ಇಲ್ಲಿ 30. ಟೆಕ್ಸಾಸ್ ಅಲಿಗೇಟರ್‌ಗೆ ಕೋಪ ಡಬಲ್ಲಾ?

ಟ್ಯಾಂಪಾ_ತಮ್ಮಯ್ಯ:
ಹಾಹಾ. 15 ನಿಜ. ಅದು "ಇದಕ್ಕಿಂತ ಹತ್ತಿರ ಬೇಡವೇ ಬೇಡ" ಅನ್ನುವ ಲೆಕ್ಕ. 15 ಅಡಿಗೆ ಹೋಗಿ ನಿಲ್ಲಿ ಅಂತ ಯಾರೂ ಹೇಳಿಲ್ಲ.

ಪಿಯರ್‌ಲ್ಯಾಂಡ್_ಪುಟ್ಟಕ್ಕ:
ನಿಜ ಹೇಳಬೇಕೆಂದರೆ ಕೆಲವು ಕಡೆ 30 ಅಡಿ ಕಷ್ಟ. ಏರಿ ಮೇಲಿನ ದಾರಿ, ಎರಡೂ ಬದಿ ನೀರು. ನಾವು ಮಾಡುವುದು ಇಷ್ಟೇ: ಅಡ್ಡ ಮಲಗಿದ್ದರೆ ದೂರದಲ್ಲೇ ನಿಂತು ನೋಡುತ್ತೇವೆ. ಅದಾಗಿ ನೀರಿಗೆ ಇಳಿದರೆ ಮುಂದೆ, ಇಳಿಯದಿದ್ದರೆ ಬಂದ ದಾರಿಯಲ್ಲೇ ವಾಪಸ್. ಸುತ್ತು ದಾರಿ ತಾನೇ, ಇನ್ನೊಂದು ಕಡೆಯಿಂದ ನಡೆಯಬಹುದು. ಅದಕ್ಕೂ ನೀರಿಗೂ ನಡುವೆ ಮಾತ್ರ ಯಾವತ್ತೂ ನಿಲ್ಲಬೇಡಿ. ಗಾಬರಿಯಾದರೆ ಓಡುವುದು ನೀರಿನ ಕಡೆಗೇ. ಬುಸ್ ಅಂದಿತೆಂದರೆ ನೀವು ತುಂಬಾ ಹತ್ತಿರ ಬಂದಿದ್ದೀರಿ ಅಂತ ಅರ್ಥ, ಮೆಲ್ಲಗೆ ಹಿಂದೆ ಸರಿಯಿರಿ.

ಗುಂಡ_ಡಲ್ಲಾಸ್:
ಅಟ್ಟಿಸಿಕೊಂಡು ಬಂದರೆ ಹಾವಿನ ಥರ ಅಂಕುಡೊಂಕಾಗಿ ಓಡಬೇಕು. ಅದಕ್ಕೆ ತಿರುಗುವುದು ಕಷ್ಟವಂತೆ.

ಹಕ್ಕಿ_ಹುಚ್ಚ:
ಅಯ್ಯೋ, ಇದನ್ನು ಯಾರು ಶುರು ಮಾಡಿದರೋ. ಅಂಕುಡೊಂಕಾಗಿ ಓಡಿದರೆ ನೀವೇ ನಿಧಾನ ಆಗುತ್ತೀರಿ. ನೀರಿನಿಂದ ದೂರಕ್ಕೆ, ನೆಟ್ಟಗೆ, ಜೋರಾಗಿ ಓಡಿ. ನೆಲದ ಮೇಲೆ ಅದಕ್ಕೆ ದೂರ ಓಡುವ ಶಕ್ತಿ ಇಲ್ಲ. ಅಷ್ಟಕ್ಕೂ ಮನುಷ್ಯನನ್ನು ನೆಲದ ಮೇಲೆ ಅಟ್ಟಿಸಿಕೊಂಡು ಬರುವುದು ತೀರಾ ಅಪರೂಪ. ಅಪಾಯ ಇರುವುದು ನೀರಿನ ಅಂಚಿನಲ್ಲಿ.

ಕೃಷ್ಣಾತೀರ:
ಇದೇನು ಮಾತು ರೀ. ನಾವು ರಾಯಚೂರು ಕಡೆಯವರು. ಹೊಳೆ ಬತ್ತಿದರೆ ಮೊಸಳೆ ಹೊಲಕ್ಕೇ ಬರುತ್ತದೆ. ಟಿಕೆಟ್ಟೂ ಇಲ್ಲ, ಬುಕಿಂಗೂ ಇಲ್ಲ. ದನ ನೀರಿಗೆ ಬಿಡಬೇಕಾದರೆ ಮೊದಲು ಕೋಲಿನಿಂದ ನೀರು ಬಡಿದು ನೋಡುತ್ತಿದ್ದರು ನಮ್ಮಜ್ಜ. ನೀವು ಅದನ್ನು ನೋಡೋಕೆ ಬೆಂಚಿನ ಮೇಲೆ ಕೂತು ಚಿತ್ರಾನ್ನ ತಿನ್ನುತ್ತೀರಿ!

ಸುಮ್ನೆ_ಬಂದೆ:
ಚಿತ್ರಾನ್ನ ಅಂತ ಫಿಕ್ಸ್ ಆಯ್ತಾ? ಪ್ರಯಾಣಕ್ಕೆ ಪುಳಿಯೋಗರೆ ಒಳ್ಳೆಯದು, ಕೆಡುವುದಿಲ್ಲ.

ಮೈಸೂರು_ಮಾವ:
ಕೃಷ್ಣಾತೀರ ಅವರು ಹೇಳಿದ್ದು ನಮ್ಮ ಮಗ್ಗರ್ ಮೊಸಳೆ, ಬೇರೆ ಜಾತಿ. ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಹೋದರೆ ಬಂಡೆ ಮೇಲೆ ಬಾಯಿ ತೆರೆದು ಮಲಗಿರುತ್ತವೆ. ದಾಂಡೇಲಿಯಲ್ಲಿ ಕಾಳಿ ನದಿಯಲ್ಲೂ ಬೇಕಾದಷ್ಟು. ಅಲಿಗೇಟರ್ ಬಾಯಿ ಮುಚ್ಚಿದರೆ ಕೆಳಗಿನ ಹಲ್ಲು ಕಾಣುವುದಿಲ್ಲ. ಮೊಸಳೆಗೆ ಕೆಳದವಡೆಯ ನಾಲ್ಕನೇ ಹಲ್ಲು ಹೊರಗೆ ಕಾಣುತ್ತದೆ. ಮೂತಿ ನೋಡಿ ಮಾತ್ರ ಹೇಳಲು ಹೋಗಬೇಡಿ, ಮಗ್ಗರ್ ಮೂತಿಯೂ ಅಗಲವೇ.
ಗೂಡೂ ಬೇರೆ. ನಮ್ಮದು ದಂಡೆಯ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ. ಅಲಿಗೇಟರ್ ಸೊಪ್ಪು ಸದೆ, ಕೆಸರು ಎಲ್ಲ ಗುಡ್ಡೆ ಹಾಕಿ ಒಳಗೆ ಇಡುತ್ತದೆ. ಸೊಪ್ಪು ಕೊಳೆತ ಬಿಸಿಗೇ ಮೊಟ್ಟೆಗೆ ಕಾವು. ಆ ಬಿಸಿಯ ಮೇಲೇ ಮರಿ ಗಂಡೋ ಹೆಣ್ಣೋ ಅಂತ ತೀರ್ಮಾನ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೆಣ್ಣು, 33ರ ಹತ್ತಿರ ಹೆಚ್ಚಾಗಿ ಗಂಡು.

ಮಲ್ನಾಡ್_ಮಗಳು:
ಮಾವ, ಇದನ್ನು ಅಪ್ಪನಿಗೆ ಓದಿ ಹೇಳಿದೆ. "ನಾಲ್ಕನೇ ಹಲ್ಲು ಎಣಿಸೋಕೆ ಹತ್ತಿರ ಹೋಗಬೇಕಲ್ಲ" ಅಂದರು. ಅಮ್ಮ ಎದ್ದು ಒಳಗೆ ಹೋದರು.

ಸೋಮಾರಿ_ಶುಗರ್‌ಲ್ಯಾಂಡ್:
ಬೈನಾಕ್ಯುಲರ್ ಕೊಡಿ ಅವರಿಗೆ. ಇನ್ನೊಂದು ಆಟ ಹೇಳಿಕೊಡಿ: ಕಣ್ಣಿನಿಂದ ಮೂಗಿನ ಹೊಳ್ಳೆವರೆಗೆ ಎಷ್ಟು ಇಂಚು ಅಂತ ಅಂದಾಜು ಮಾಡಿ. ಅಷ್ಟು ಅಡಿ ಅದರ ಒಟ್ಟು ಉದ್ದ. ಹತ್ತು ಇಂಚು ಇದ್ದರೆ ಹತ್ತಡಿ ಪ್ರಾಣಿ. ಮೈ ಪೂರ್ತಿ ನೀರಿನಲ್ಲಿದ್ದರೂ ಲೆಕ್ಕ ಸಿಗುತ್ತದೆ. ಒಂಬತ್ತು ವರ್ಷದ ಮಗು ಆಮೇಲೆ ಬಿಡುವುದೇ ಇಲ್ಲ.

ಕ್ಯಾಲ್ಗರಿ_ಕಮಲು:
ನಾಯಿ ಕರೆದುಕೊಂಡು ಹೋಗಬಹುದಾ? ಮುಂದಿನ ತಿಂಗಳು ಹ್ಯೂಸ್ಟನ್‌ಗೆ ಬರುತ್ತಿದ್ದೇವೆ, ನಮ್ಮದು ಸಣ್ಣ ನಾಯಿ.

ಪಿಯರ್‌ಲ್ಯಾಂಡ್_ಪುಟ್ಟಕ್ಕ:
ಆರಡಿ ಒಳಗಿನ ಬೆಲ್ಟ್ ಇದ್ದರೆ ಬಿಡುತ್ತಾರೆ. ಆದರೆ ಈ ಪಾರ್ಕಿಗೆ ಬೇಡ ಕಮಲು. ಅಲಿಗೇಟರ್ ಕಣ್ಣಿಗೆ ಸಣ್ಣ ನಾಯಿ ಅಂದರೆ ಊಟ. ನಾಯಿ ನೀರು ಕುಡಿಯೋಕೆ ಅಂಚಿಗೆ ಇಳಿಯುವುದು ಒಂದು ಕ್ಷಣದ ಕೆಲಸ. ಮನೆಯಲ್ಲಿ ಬಿಟ್ಟು ಬನ್ನಿ.

ರೇಸ್_ರಾಜ:
ಮತ್ತೆ ಹೆದರಿಸೋಕೆ ಶುರು. ಟೆಕ್ಸಾಸ್‌ನಲ್ಲಿ ಅಲಿಗೇಟರ್‌ನಿಂದ ಸತ್ತವರು ಎಷ್ಟು ಜನ ಹೇಳಿ ನೋಡೋಣ?

ಹಕ್ಕಿ_ಹುಚ್ಚ:
ತೀರಾ ಅಪರೂಪ, ಒಪ್ಪುತ್ತೇನೆ. 2015ರಲ್ಲಿ ಆರೆಂಜ್ ಅನ್ನುವ ಊರಿನಲ್ಲಿ ಒಬ್ಬ ಯುವಕ ಸತ್ತ. ಅಲಿಗೇಟರ್ ಇದೆ, ಈಜಬೇಡಿ ಅಂತ ಬೋರ್ಡ್ ಇದ್ದರೂ ರಾತ್ರಿ ನೀರಿಗೆ ಹಾರಿದ್ದ. ಮರುವರ್ಷ ಫ್ಲೋರಿಡಾದ ಒಂದು ರೆಸಾರ್ಟಿನ ಕೆರೆ ಅಂಚಿನಲ್ಲಿ ಎರಡು ವರ್ಷದ ಮಗು ಹೋಯಿತು. ಎರಡೂ ನೀರಿನಲ್ಲಿ, ಎರಡೂ ಕತ್ತಲಲ್ಲಿ. ನಾನು ಹೆದರಿಸುತ್ತಿಲ್ಲ. ಬ್ರಾಜೋಸ್ ಬೆಂಡ್ ಕೆರೆಗಳಲ್ಲಿ ಈಜಿಗೂ ದೋಣಿಗೂ ಅವಕಾಶ ಇಲ್ಲ, ದಾರಿ ಮೇಲೆ ನಡೆಯುವವರಿಗೆ ಭಯ ಬೇಕಿಲ್ಲ. ಮಗುವಿನ ಕೈ ಹಿಡಿದುಕೊಳ್ಳಿ, ಅಂಚಿಗೆ ಬಿಡಬೇಡಿ. ಇಷ್ಟೇ.

ಡಬಲ್_ಸ್ಟ್ರಾಂಗ್_ಕಾಫಿ:
ನನಗೆ ಸಿಟ್ಟು ಬರುವುದು ತಿನ್ನೋಕೆ ಎಸೆಯುವವರ ಮೇಲೆ. ಹೋದ ಸಲ ಒಂದು ಕುಟುಂಬ, ಮಾತು ಕೇಳಿದರೆ ನಮ್ಮವರೇ, ಚಿಪ್ಸ್ ಎಸೆದು "ಬಾ ಬಾ" ಅಂತ ಕರೆಯುತ್ತಿದ್ದರು. ಹೇಳಿದರೆ "ನಿಮ್ಮದೇನು ಕೆಲಸ" ಅಂದರು. ಅದು ಕಾನೂನಿಗೂ ವಿರುದ್ಧ. ಕಾನೂನು ಬಿಡಿ. ಮನುಷ್ಯ ಅಂದರೆ ತಿಂಡಿ ಅಂತ ಒಮ್ಮೆ ರೂಢಿಯಾದ ಅಲಿಗೇಟರ್ ಜನರ ಹತ್ತಿರ ಬರೋಕೆ ಶುರು ಮಾಡುತ್ತದೆ. ಆಮೇಲೆ ಅದನ್ನು ಹಿಡಿದು ಸಾಯಿಸುತ್ತಾರೆ. ಚಿಪ್ಸ್ ಎಸೆದವರಿಗೆ ಏನೂ ಆಗುವುದಿಲ್ಲ.

ಕೃಷ್ಣಾತೀರ:
ಇದು ಸರಿಯಾದ ಮಾತು. ನಮ್ಮ ಕಡೆ ಮೀನಂಗಡಿ ಕಸ ಹೊಳೆಗೆ ಸುರಿದರೂ ಇದೇ ಕಥೆ.

ಟ್ಯಾಂಪಾ_ತಮ್ಮಯ್ಯ:
1967ರಲ್ಲಿ ಇವೇ ಅಲಿಗೇಟರ್‌ಗಳು ಅಳಿವಿನಂಚಿನ ಪಟ್ಟಿಯಲ್ಲಿದ್ದವು. ಚರ್ಮಕ್ಕಾಗಿ ಬೇಟೆಯಾಡಿ ಮುಗಿಸಿದ್ದರು. ಕಾವಲು ಬಿಗಿ ಮಾಡಿದ ಮೇಲೆ ಚೇತರಿಸಿಕೊಂಡು 1987ರಲ್ಲಿ ಆ ಪಟ್ಟಿಯಿಂದ ಹೊರಗೆ ಬಂದವು. ಇವತ್ತು ಗಾಲ್ಫ್ ಮೈದಾನದಲ್ಲಿ ಓಡಾಡುತ್ತವೆ. ಹುಲಿಗೂ ಹೀಗೇ ಆಗಲಿ ಅಂತ ಆಸೆ.

ಮೈಸೂರು_ಮಾವ:
ಹುಲಿ ಗಾಲ್ಫ್ ಮೈದಾನಕ್ಕೆ ಬರುವುದು ಬೇಡಪ್ಪ.

ಸುಮ್ನೆ_ಬಂದೆ:
😂

ಹಕ್ಕಿ_ಹುಚ್ಚ:
ಬೆಳಿಗ್ಗೆ ಏಳಕ್ಕೇ ಗೇಟಿನಲ್ಲಿ ಇರಿ. ಕೊಕ್ಕರೆ, ಗುಲಾಬಿ ಬಣ್ಣದ ಚಮಚಕೊಕ್ಕು, ಸಿಳ್ಳೆ ಬಾತು ಎಲ್ಲ ಆಗಲೇ ಚೆನ್ನಾಗಿ ಕಾಣುವುದು.

ಸೋಮಾರಿ_ಶುಗರ್‌ಲ್ಯಾಂಡ್:
ನಿಮ್ಮ ಹಕ್ಕಿ ಹುಚ್ಚು ಅವರಿಗೆ ಯಾಕೆ ಅಂಟಿಸುತ್ತೀರಿ? ನೀವೇ ಮೇಲೆ ಬಿಸಿಲು ಬೇಕು ಅಂದಿರಿ. ಚಳಿಗಾಲದಲ್ಲಿ ಏಳಕ್ಕೆ ಯಾವ ಅಲಿಗೇಟರ್ ಎದ್ದಿರುತ್ತದೆ? ಹತ್ತೂವರೆಗೆ ಹೋಗಿ, ಹನ್ನೊಂದರಿಂದ ಎರಡರವರೆಗೆ ನಡೆಯಿರಿ. ಆ ಹೊತ್ತಿಗೆ ದಂಡೆ ಬೆಚ್ಚಗಾಗಿರುತ್ತದೆ, ಅಪ್ಪನ ಮಂಡಿಯೂ ಬೆಚ್ಚಗಾಗಿರುತ್ತದೆ.
ಮುಂಚೆಯೇ ಆನ್‌ಲೈನ್‌ನಲ್ಲಿ ಡೇ ಪಾಸ್ ತೆಗೆದುಕೊಳ್ಳಿ. ಬಿಸಿಲಿನ ಶನಿವಾರ ಭಾನುವಾರ ಪಾರ್ಕ್ ಭರ್ತಿಯಾಗಿ ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ. ಮಳೆ ಜಾಸ್ತಿ ಬಂದಿದ್ದರೆ ತೆರೆದಿದೆಯಾ ಅಂತಲೂ ನೋಡಿ. ಬ್ರಾಜೋಸ್ ನದಿ ಪಕ್ಕದಲ್ಲೇ ಇರುವುದು. 2017ರಲ್ಲಿ ಹಾರ್ವಿ ಚಂಡಮಾರುತ ಬಂದಾಗ ಪಾರ್ಕಿಗೇ ನೀರು ನುಗ್ಗಿತ್ತು.

ಪಿಯರ್‌ಲ್ಯಾಂಡ್_ಪುಟ್ಟಕ್ಕ:
ಶನಿವಾರ ಆದರೆ ಇನ್ನೊಂದು ಲಾಭ. ಪಾರ್ಕಿನ ಒಳಗೇ ಜಾರ್ಜ್ ಅಬ್ಸರ್ವೇಟರಿ ಇದೆ, ಶನಿವಾರ ರಾತ್ರಿ ದೂರದರ್ಶಕದಲ್ಲಿ ನಕ್ಷತ್ರ, ಗ್ರಹ ತೋರಿಸುತ್ತಾರೆ. ಅದಕ್ಕೆ ಟಿಕೆಟ್ ಬೇರೆ. ಕತ್ತಲಾದ ಮೇಲೆ ದೂರದಿಂದ ಟಾರ್ಚ್ ಬಿಟ್ಟರೆ ಕೆರೆಯಲ್ಲಿ ಕೆಂಪು ಕೆಂಪು ಕಣ್ಣು ಹೊಳೆಯುತ್ತವೆ. ಅಮ್ಮನಿಗೆ ಇದನ್ನು ತೋರಿಸುವುದು ನಿಮಗೆ ಬಿಟ್ಟಿದ್ದು.

ಗುಂಡ_ಡಲ್ಲಾಸ್:
ನಾನು ಏಪ್ರಿಲ್ ಅಂದಿದ್ದು ಯಾಕೆ ಅಂತ ಯಾರೂ ಕೇಳಲೇ ಇಲ್ಲ. ಆಗ ಅವು ಕೂಗುತ್ತವೆ. ಬೆಳಿಗ್ಗೆ ಬೆಳಿಗ್ಗೆ. ಗಂಡು ತಲೆ, ಬಾಲ ಎರಡನ್ನೂ ನೀರಿನಿಂದ ಮೇಲೆ ಎತ್ತಿ ಮೈ ಉಬ್ಬಿಸುತ್ತದೆ. ಮೊದಲು ನಮಗೆ ಏನೂ ಕೇಳಿಸುವುದಿಲ್ಲ, ನಮ್ಮ ಕಿವಿಗೆ ಸಿಗದಷ್ಟು ತಗ್ಗಿದ ಸದ್ದು ಅದು. ಆದರೆ ಬೆನ್ನ ಮೇಲಿನ ನೀರು ಒಗ್ಗರಣೆಗೆ ಹಾಕಿದ ಸಾಸಿವೆ ಥರ ಚಟಪಟ ಸಿಡಿಯುತ್ತದೆ. ಆಮೇಲೆ ಗುಡುಗು. ಒಂದು ಶುರು ಮಾಡಿದರೆ ಕೆರೆಯ ಆ ಕಡೆಯಿಂದ ಇನ್ನೊಂದು, ಅದರ ಹಿಂದೆ ಮತ್ತೊಂದು. ಹಲಗೆ ದಾರಿ ಮೇಲೆ ನಿಂತಿದ್ದರೆ ಪಾದಕ್ಕೆ ಗೊತ್ತಾಗುತ್ತದೆ.

ಮಲ್ನಾಡ್_ಮಗಳು:
ಗುಂಡ ಅವರೇ, ಇದನ್ನು ಮೊದಲೇ ಹೇಳಬಾರದಿತ್ತಾ! ಅಪ್ಪ ಈಗ ಟಿಕೆಟ್ ಮುಂದಕ್ಕೆ ಹಾಕಬಹುದಾ ಅಂತ ಕೇಳುತ್ತಿದ್ದಾರೆ.

ಸೋಮಾರಿ_ಶುಗರ್‌ಲ್ಯಾಂಡ್:
ಮಾರ್ಚ್ ಮೂರನೇ ವಾರ ಇಟ್ಟುಕೊಳ್ಳಿ. ಬಿಸಿಲು ಸಾಕಷ್ಟು, ಸೊಳ್ಳೆ ಇನ್ನೂ ಕಮ್ಮಿ. ಅದೃಷ್ಟ ಇದ್ದರೆ ಕೂಗೂ ಕೇಳಿಸಬಹುದು. ಸ್ಪ್ರಿಂಗ್ ಬ್ರೇಕ್ ವಾರ ಮಾತ್ರ ಬೇಡ, ಇಡೀ ಹ್ಯೂಸ್ಟನ್ ಅಲ್ಲೇ ಇರುತ್ತದೆ.

ಹಕ್ಕಿ_ಹುಚ್ಚ:
ಜನವರಿಯಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಹೋಗಲಿ. ಒಂದು ಗಂಟೆ ದಾರಿ ತಾನೇ.
ಮರಿಗಳು ಕಂಡರೆ ಮಾತ್ರ ಹುಷಾರು. ಕಪ್ಪು ಮೈ ಮೇಲೆ ಹಳದಿ ಪಟ್ಟೆ ಇರುತ್ತದೆ, ನೋಡೋಕೆ ಮುದ್ದಾಗಿರುತ್ತವೆ. ಬೇಸಿಗೆ ಕೊನೆಯಲ್ಲಿ ಹುಟ್ಟಿದವು ಚಳಿಗಾಲ ಪೂರ್ತಿ ಗುಂಪಾಗಿಯೇ ಇರುತ್ತವೆ. ತಾಯಿ ಕಾಣದಿದ್ದರೂ ಅಲ್ಲೇ ಇರುತ್ತಾಳೆ. ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಕಾಯುತ್ತಾಳೆ.

ರೇಸ್_ರಾಜ:
ಇದನ್ನು ನಾನೂ ಒಪ್ಪುತ್ತೇನೆ. ಮರಿ ಹತ್ತಿರ ಸೆಲ್ಫಿ ಬೇಡ.

ಡಬಲ್_ಸ್ಟ್ರಾಂಗ್_ಕಾಫಿ:
ಎಲ್ಲರೂ ಅಲಿಗೇಟರ್, ಅಲಿಗೇಟರ್ ಅನ್ನುತ್ತಿದ್ದೀರಿ. ಅಲ್ಲಿ ನಿಮ್ಮನ್ನು ಖಂಡಿತ ಕಚ್ಚುವುದು ಬೆಂಕಿ ಇರುವೆ. ಹುಲ್ಲಿನಲ್ಲಿ ಮಣ್ಣಿನ ಸಣ್ಣ ಗುಡ್ಡೆ ಕಂಡರೆ ಕಾಲಿಡಬೇಡಿ. ಅಪ್ಪ ಅಮ್ಮನಿಗೆ ಚಪ್ಪಲಿ ಬೇಡ, ಶೂ ಸಾಕ್ಸ್ ಹಾಕಿಸಿ. ನಮ್ಮತ್ತೆ ಸೀರೆ, ಚಪ್ಪಲಿಯಲ್ಲಿ ಹೊರಟು ಇರುವೆ ಗೂಡಿನ ಮೇಲೆ ನಿಂತು ಫೋಟೋಗೆ ಪೋಸ್ ಕೊಟ್ಟಿದ್ದರು. ಆ ಫೋಟೋದಲ್ಲಿ ಅವರ ಮುಖ ನೋಡಬೇಕು! ಮೂರೆಲೆಯ ಬಳ್ಳಿ, ಪಾಯ್ಸನ್ ಐವಿ, ಅದನ್ನೂ ಮುಟ್ಟಬಾರದು ಅಂತ ಮಕ್ಕಳಿಗೆ ಹೇಳಿ. ನೀರಿನ ಹತ್ತಿರ ಕಾಟನ್‌ಮೌತ್ ಹಾವೂ ಇರುತ್ತದೆ, ವಿಷದ್ದು.

ಮಲ್ನಾಡ್_ಮಗಳು:
ಹಾವಿನ ವಿಷಯ ಅಮ್ಮನಿಗೆ ಹೇಳುವುದಿಲ್ಲ.

ಮೈಸೂರು_ಮಾವ:
ತೀರ್ಥಹಳ್ಳಿಯವರಿಗೆ ಹಾವಿನ ಭಯವಾ? ತೋಟದಲ್ಲಿ ಕಾಳಿಂಗ ಸರ್ಪ ನೋಡಿ ಬಂದವರು ರೀ ಅವರು.

ಮಲ್ನಾಡ್_ಮಗಳು:
ಅದು ನಮ್ಮ ಹಾವಂತೆ ಮಾವ. ಪರಿಚಯದ್ದು. 😄

ಸುಮ್ನೆ_ಬಂದೆ:
ಇನ್ನೂ ಊಟ ತೀರ್ಮಾನ ಆಗಿಲ್ಲ.

ಪಿಯರ್‌ಲ್ಯಾಂಡ್_ಪುಟ್ಟಕ್ಕ:
ಬೆಳಿಗ್ಗೆ ಪಿಯರ್‌ಲ್ಯಾಂಡ್ ಮೀನಾಕ್ಷಿ ದೇವಸ್ಥಾನಕ್ಕೆ ಬನ್ನಿ, ದರ್ಶನ ಮಾಡಿಕೊಂಡು ಪಾರ್ಕಿಗೆ ಹೊರಡಿ. ದೇವಸ್ಥಾನ ಅಂದರೆ ಅಮ್ಮ ಇಲ್ಲ ಅನ್ನುವುದಿಲ್ಲ, ಕಾರು ಹತ್ತಿದ ಮೇಲೆ ಇಳಿಯುವುದಕ್ಕೂ ಆಗುವುದಿಲ್ಲ. ಊಟ ಮನೆಯಿಂದಲೇ ತನ್ನಿ. ಪಾರ್ಕಿನಲ್ಲಿ ಮರದ ಕೆಳಗೆ ಮೇಜುಗಳಿವೆ. ಮೊಸರನ್ನ, ಉಪ್ಪಿನಕಾಯಿ ಸಾಕು. ಕೆರೆ ದಂಡೆಯಲ್ಲಿ ಡಬ್ಬಿ ಬಿಚ್ಚಬೇಡಿ, ಕೈ ತೊಳೆಯೋಕೆ ನೀರಿಗೆ ಇಳಿಯುವುದಂತೂ ಬೇಡವೇ ಬೇಡ.

ಮಲ್ನಾಡ್_ಮಗಳು:
ಪುಟ್ಟಕ್ಕ, ನಿಮ್ಮ ಐಡಿಯಾ ಕೆಲಸ ಮಾಡಿತು. ಅಮ್ಮ "ದೇವಸ್ಥಾನಕ್ಕೆ ಬರುತ್ತೇನೆ, ಆಮೇಲೆ ನೀವು ಹೋಗಿ, ನಾನು ಕಾರಿನಲ್ಲೇ ಕೂತಿರುತ್ತೇನೆ" ಅನ್ನುವಷ್ಟಕ್ಕೆ ಬಂದಿದ್ದಾರೆ. ಮುಂದಿನ ವಾರ ಶುಕ್ರವಾರ 74 ಡಿಗ್ರಿ ತೋರಿಸುತ್ತಿದೆ, ಅದಕ್ಕೆ ಮುಂಚೆ ಮೂರು ದಿನ ಚಳಿ. ಡೇ ಪಾಸ್ ಬುಕ್ ಮಾಡಿದೆ. ಕ್ರೀಕ್‌ಫೀಲ್ಡ್ ಮೊದಲು, ಆಮೇಲೆ ಫಾರ್ಟಿ ಏಕರ್.

ಹಕ್ಕಿ_ಹುಚ್ಚ:
ಹೇಳಿ ಮಾಡಿಸಿದ ಹವಾಮಾನ. ಫಾರ್ಟಿ ಏಕರ್‌ನಲ್ಲಿ ಬಿಸಿಲು ಬೀಳುವ ದಂಡೆ ಕಡೆ ಜಾಸ್ತಿ ನೋಡಿ.

ಕ್ಯಾಲ್ಗರಿ_ಕಮಲು:
ನಾಯಿಯನ್ನು ಅಕ್ಕನ ಮನೆಯಲ್ಲಿ ಬಿಡುತ್ತೇವೆ. ನಮಗೆ ಒಂದೂವರೆ ವರ್ಷದ ಮಗುವೂ ಇದೆ. ಫಾರ್ಟಿ ಏಕರ್‌ನಲ್ಲಿ ಸ್ಟ್ರೋಲರ್ ಹೋಗುತ್ತದಾ?

ಪಿಯರ್‌ಲ್ಯಾಂಡ್_ಪುಟ್ಟಕ್ಕ:
ದೊಡ್ಡ ಚಕ್ರದ್ದಾದರೆ ಆರಾಮಾಗಿ ಹೋಗುತ್ತದೆ. ಮಡಚುವ ಸಣ್ಣ ಚಕ್ರದ್ದಾದರೆ ಜಲ್ಲಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮಳೆ ಬಂದ ಮಾರನೇ ದಿನ ಎರಡೂ ಬೇಡ, ಎತ್ತಿಕೊಳ್ಳಿ.